ಹಂದಿಬೆನ್ನಿನ ಬಂಡೆಯಿಂದ ಬಿದ್ದದ್ದು ಯಾರು

ಉದ್ದಕೊಳದ ದಂಡೆ, ಕ್ವಿಂಬಿ, ಮ್ಯಾಸಚೂಸೆಟ್ಸ್
೧೮೪೬, ಅಕ್ಟೋಬರ್ ೧೧, ಭಾನುವಾರ

ಪ್ರೀತಿಯ ತಮ್ಮ ಎಲಿ,

ನಿನ್ನ ಮೊಣಕಾಲು ಹೇಗಿದೆ? ಮೂರು ವರ್ಷದ ಹಿಂದೆ ನ್ಯೂ ಬೆಡ್‌ಫರ್ಡಿನಲ್ಲಿ ತಿಮಿಂಗಿಲದ ಹಡಗು ಹತ್ತುವಾಗ ನೀನು ಎಡಗಾಲನ್ನು ಸ್ವಲ್ಪ ಎಳೆಯುತ್ತಿದ್ದೆ. ಕೇಳಿದ್ದಕ್ಕೆ ‘ಏನಿಲ್ಲಕ್ಕ, ಹೊಸ ಬೂಟು’ ಎಂದೆ. ಹೊಸ ಬೂಟು ಎರಡೂ ಕಾಲಿಗೆ ಇರುತ್ತದೆ ಎಂಬುದು ನಿನ್ನಕ್ಕನಿಗೆ ಗೊತ್ತಿಲ್ಲವೇ? ಒಸಡಿನಲ್ಲಿ ರಕ್ತ ಕಾಣಿಸಿದರೆ ಬಂದರಿನಲ್ಲಿ ಸಿಕ್ಕಿದ ಈರುಳ್ಳಿ, ನಿಂಬೆ, ಹಸಿ ಆಲೂಗಡ್ಡೆ ಏನಾದರೂ ತಿನ್ನು; ಎಣ್ಣೆಯಲ್ಲಿ ಕರಿದ ಬಿಸ್ಕತ್ತನ್ನೇ ನಂಬಿಕೊಂಡು ಕೂರಬೇಡ. ನಿನ್ನ ಹಡಗು ಕಳೆದ ನವೆಂಬರಿನಲ್ಲಿ ಪೆರು ತೀರದ ಪೈಟಾ ಬಂದರಿನ ಬಳಿ ಕಂಡಿತೆಂದೂ ಒಂಬೈನೂರು ಪೀಪಾಯಿ ಎಣ್ಣೆ ತುಂಬಿದೆಯೆಂದೂ ಹಡಗುಗಳ ಪತ್ರಿಕೆಯಲ್ಲಿ ಬಂದಿತ್ತು. ಪೀಪಾಯಿ ಎಷ್ಟೆಂದು ಅಚ್ಚು ಹಾಕುತ್ತಾರೆ, ಅದನ್ನು ಕಟ್ಟಿದವನು ಹೇಗಿದ್ದಾನೆಂದು ಹಾಕುವುದಿಲ್ಲ. ನೀನು ಕೊನೆಯ ಪತ್ರ ಬರೆದು ಇಪ್ಪತ್ತೆರಡು ತಿಂಗಳಾಯಿತು. ನೀನು ಪತ್ರ ಬರೆಯುವ ಜಾತಿಯವನಲ್ಲ ಎಂದು ನನಗೆ ಗೊತ್ತು, ಆದ್ದರಿಂದ ಚಿಂತೆಯಿಲ್ಲ. ನನ್ನ ಕೆಮ್ಮು ಹೋಗಿದೆ. ಬೆರಳು ಸೀಳುವುದು ನಿಂತಿಲ್ಲ. ಆಶ್ ಮರದ ಸೀಳಿನಿಂದ ಕುರ್ಚಿ ಹೆಣೆಯುವವಳ ಕೈ ರೇಷ್ಮೆಯಾಗಿರಲಿ ಎಂದರೆ ಆಗುತ್ತದೆಯೇ. ಊರಿನವರು ಹೊಸದಾಗಿ ಕಟ್ಟಿದ ಉಪನ್ಯಾಸ ಮಂದಿರದ ನೂರಿಪ್ಪತ್ತು ಕುರ್ಚಿಗೂ ನಾನೇ ಹೆಣೆದದ್ದು. ಯಾರು ಎಷ್ಟೇ ದೊಡ್ಡ ಮಾತಾಡಲಿ, ಕೇಳುವವರೆಲ್ಲ ಕೂತಿರುವುದು ನನ್ನ ಕೆಲಸದ ಮೇಲೆ. ನಮ್ಮ ಚಿಕ್ಕಪ್ಪನ ಮಗಳು ಮರ್ಸಿಗೆ ಮೂರನೆಯದು ಹುಟ್ಟಿದೆ, ಹೆಣ್ಣು. ಅವಳ ಗಂಡ ಕೇಟೋ ಕುಲುಮೆಯನ್ನು ಹೆದ್ದಾರಿಯ ಪಕ್ಕಕ್ಕೆ ತಂದಿದ್ದಾನೆ, ಕೆಲಸ ಚೆನ್ನಾಗಿದೆ.

ಈಗ ಸುದ್ದಿ. ಹೋದ ವರ್ಷದ ಬೇಸಿಗೆಯಲ್ಲಿ ಆರ್ವಿಲ್ ಲೇಥ್ರಾಪ್ ಎಂಬ ಕವಿಯೊಬ್ಬ ಬಾಸ್ಟನ್ನಿನಿಂದ ಬಂದು ನಮ್ಮ ಪಾದ್ರಿಗಳ ಮನೆಯಲ್ಲಿ ಎರಡು ತಿಂಗಳು ಇದ್ದ. ಇಪ್ಪತ್ತಾರು ವಯಸ್ಸು, ಟೋಪಿ ಹಾಕುವುದಿಲ್ಲ, ಕೊರಳಪಟ್ಟಿ ಬಿಚ್ಚಿಕೊಂಡೇ ಓಡಾಡುತ್ತಾನೆ. ಈಗ ಅಲ್ಲಿ ಇಂಥವರದೇ ಕಾಲ. ದೇವರು ಚರ್ಚಿನ ಗೋಡೆಯೊಳಗಿಲ್ಲ, ಪೈನ್ ಮರದ ಸದ್ದಿನಲ್ಲಿದ್ದಾನೆ. ಯುರೋಪಿನ ಎಂಜಲು ಉಂಡದ್ದು ಸಾಕು, ನಮ್ಮ ಕಾಡು, ನಮ್ಮ ಬಂಡೆ, ನಮ್ಮ ಎದೆ ಇವೇ ನಮ್ಮ ಪುರಾಣ ಎಂದು ಪುಸ್ತಕದ ಮೇಲೆ ಪುಸ್ತಕ ಬರೆಯುತ್ತಿದ್ದಾರೆ. ನಗಬೇಡ, ನಾನು ಇವರ ವಿರೋಧಿಯಲ್ಲ. ಪಾದ್ರಿಗಳ ಮನೆಯ ಬಟ್ಟೆ ಒಗೆದ ಹದಿನೇಳು ವರ್ಷದಲ್ಲಿ ಅವರ ಕಪಾಟನ್ನು ಮೇಲಿಂದ ಕೆಳಗಿನವರೆಗೆ ಓದಿ ಮುಗಿಸಿದವಳು ನಾನು. ಹಳೆಯ ಧರ್ಮೋಪದೇಶಗಳಲ್ಲಿ ಮರ ಎಂದರೆ ಏದೆನ್ ತೋಟದ ಆ ಒಂದು ಮರ, ನೀರು ಎಂದರೆ ನೋಹನ ಪ್ರಳಯ. ಈ ಹುಡುಗರು ಬಂದ ಮೇಲೆಯೇ ನಮ್ಮೂರಿನವರು ತಲೆಯೆತ್ತಿ ಮೇಪಲ್ ಮರ ಕೆಂಪಾಗುವುದನ್ನು ನೋಡಿದ್ದು. ಅದು ಸಣ್ಣ ಉಪಕಾರವೆಂದು ನಾನು ಹೇಳುವುದಿಲ್ಲ. ಲೇಥ್ರಾಪ್ ಬರೆದದ್ದರಲ್ಲಿ ನಮ್ಮ ಕೊಳದಿಂದ ಮಂಜು ಏಳುವುದರ ಮೇಲೆ ಹನ್ನೆರಡು ಸಾಲುಗಳಿವೆ; ಐವತ್ತೈದು ವರ್ಷ ಆ ಮಂಜನ್ನು ನೋಡಿದ ನಾನೇ ಅದನ್ನು ಎರಡು ಸಲ ಓದಿದೆ.

ಅವನು ಒಂದು ರಾತ್ರಿ ಕಾಡಿನಲ್ಲಿ ಒಬ್ಬನೇ ಇದ್ದು ಬೆಳಿಗ್ಗೆ ನಡುಗುತ್ತಾ ನಮ್ಮ ಬಾಗಿಲಿಗೆ ಬಂದ. ‘ಅಮ್ಮಾ, ಪ್ರಕೃತಿ ನನ್ನ ಜೊತೆ ಮಾತಾಡ್ತು’ ಎಂದ. ‘ಏನಂತಪ್ಪ?’ ಎಂದೆ. ‘ಅದನ್ನ ಮಾತಲ್ಲಿ ಹೇಳಕ್ಕಾಗಲ್ಲ.’ ‘ಕಾಲುಚೀಲ ಒದ್ದೆಯಾಗಿದೆ ಅಂತ ಹೇಳಿರಬೇಕು, ಬಿಚ್ಚು’ ಎಂದು ಒಲೆಯ ಮುಂದೆ ಕೂರಿಸಿ ಮೆಕ್ಕೆಜೋಳದ ಗಂಜಿಗೆ ಕಾಕಂಬಿ ಹಾಕಿ ಕೊಟ್ಟೆ. ನಿನ್ನ ಬೂದು ಉಣ್ಣೆಯ ಕಾಲುಚೀಲವನ್ನೂ ಕೊಟ್ಟೆ, ಬೈಯಬೇಡ. ಉಂಡು ಬೆಚ್ಚಗಾದ ಮೇಲೆ ಕೊಳದ ಮೇಲೆ ಚಾಚಿರುವ ನಮ್ಮ ಹಂದಿಬೆನ್ನಿನ ಬಂಡೆಯನ್ನು ತೋರಿಸಿ, ‘ಅಲ್ಲಿಂದ ಯಾರಾದ್ರೂ ಬಿದ್ದಿದಾರಾ? ಬಿದ್ದೇ ಇರಬೇಕು’ ಎಂದ. ಬಿದ್ದಿದ್ದು ಉಂಟು ಎಂದೆ. ಅವನ ಕಣ್ಣು ದೀಪವಾಯಿತು. ಚಿಕ್ಕಪ್ಪನ ಆಕಳು ಡಾರ್ಕಸ್ ಸಾವಿರದ ಎಂಟುನೂರ ಒಂಬತ್ತರ ವಸಂತದಲ್ಲಿ ಬಂಡೆಯಂಚಿನ ಹೊಸ ಹುಲ್ಲಿಗೆ ಆಸೆಪಟ್ಟು ಬಿದ್ದದ್ದನ್ನು ಹೇಳಿದೆ. ನಿನಗೆ ಆಗ ಆರು ವರ್ಷ. ಎರಡು ದಿನ ಅತ್ತು, ಡಾರ್ಕಸಳ ಮಾಂಸ ಮುಟ್ಟುವುದಿಲ್ಲವೆಂದು ಹಟ ಹಿಡಿದು, ಮೂರನೆಯ ದಿನ ಎರಡು ತಟ್ಟೆ ತಿಂದೆ. ಅದನ್ನೂ ಅವನಿಗೆ ಹೇಳಿದೆ. ‘ಆಕಳಿಗೆ ಬಾಸ್ಟನ್ನಿನಲ್ಲಿ ಯಾರೂ ಅಳೋದಿಲ್ಲಮ್ಮ’ ಎಂದು ಪೆನ್ಸಿಲನ್ನು ಜೇಬಿಗಿಟ್ಟ.

ಕ್ರಿಸ್‌ಮಸ್ ಹೊತ್ತಿಗೆ ಕೆಂಪು ರೇಷ್ಮೆಯ ರಟ್ಟಿಗೆ ಚಿನ್ನದ ಅಂಚು ಹಾಕಿದ ಪುಸ್ತಕ ಬಂತು. ಮದುವೆಯಾಗಬೇಕಾದ ಹುಡುಗಿಯರಿಗೆ ಹುಡುಗರು ಉಡುಗೊರೆ ಕೊಡುವಂಥದು. ಅದರಲ್ಲಿ ನಮ್ಮ ಬಂಡೆಯ ಚಿತ್ರವಿತ್ತು. ಬಂಡೆ ಮೂರು ಪಟ್ಟು ಎತ್ತರ, ಮೇಲೆ ಕೂದಲು ಬಿಚ್ಚಿಕೊಂಡ ಹೆಂಗಸು. ಅವಳ ಹೆಸರು ಓಲಮೀಟಾ. ಬಿಳಿಯರು ಬರುವ ಮೊದಲಿಂದ ಇಲ್ಲಿರುವ ನಮ್ಮ ನಿಪ್ಮಕ್ ಜನದ ಭಾಷೆಯಲ್ಲಿ ಆ ಹೆಸರಿಲ್ಲ, ನನಗೆ ತಿಳಿದ ಮಟ್ಟಿಗೆ ಯಾವ ಭಾಷೆಯಲ್ಲೂ ಇಲ್ಲ. ಅವಳು ತನ್ನ ಜನವೆಲ್ಲ ಅಳಿದು, ಪ್ರಿಯನೂ ಅಳಿದು, ‘ಬಂಡೆಯಂಚಲಿ ನಿಂತು ಕೊನೆಯ ಬಿಸಿಲನು ನೋಡಿ, ಇಳಿದಳಾ ಕುಲದ ಕೊನೆಯವಳು ನೀರೊಳಗೆ’ ಎಂದು ಮುಗಿಯುತ್ತಾಳೆ. ಪದ್ಯದ ಕೆಳಗೆ ಸಣ್ಣಕ್ಷರದಲ್ಲಿ ಒಂದು ಟಿಪ್ಪಣಿ: ಈ ಕೊಳದ ದಂಡೆಯಲ್ಲಿ ಇಂದು ಆ ಜನದ ಒಂದು ಉಸಿರೂ ಉಳಿದಿಲ್ಲ. ನನ್ನ ಗಂಜಿ ಉಂಡು, ನಿನ್ನ ಕಾಲುಚೀಲ ಹಾಕಿಕೊಂಡು ಬರೆದದ್ದು ಇದು! ಊರಿಗೆ ಊರೇ ಅತ್ತಿತು. ಸೇಬಿನ ರಸದ ಗಾಣದವರ ಹೆಣ್ಣುಮಕ್ಕಳು ಬಂಡೆಗೆ ಹೂ ಇಟ್ಟು ಬಂದರು, ದಾರಿಯಲ್ಲಿ ನಮ್ಮ ಬಾವಿಯ ನೀರು ಕುಡಿದು, ನನಗೆ ‘ನಮಸ್ಕಾರ ಜೆರುಷಾ ಅತ್ತೆ’ ಎಂದು ಹೇಳಿ. ಹಂದಿಬೆನ್ನಿನ ಬಂಡೆ ಹೋಗಿ ಕನ್ಯೆಯ ಬಂಡೆಯಾಯಿತು.

ನಕ್ಕು ಬಿಡುತ್ತಿದ್ದೆ. ಆದರೆ ನಮ್ಮನ್ನು ವಯಸ್ಸಿಗೆ ಬಾರದ ಮಕ್ಕಳೆಂದು ತಿಳಿದು ನಮ್ಮ ಜಮೀನಿಗೆ ಸರ್ಕಾರ ನೇಮಿಸಿದ ಪಾಲಕನಿದ್ದಾನಲ್ಲ, ಲಿಯಾಂಡರ್ ಫಿಸ್ಕ್, ಅವನು ನಗಲಿಲ್ಲ. ಅವನು ಆ ಹಾಳೆಯನ್ನು ಪುಸ್ತಕದಿಂದ ಅಚ್ಚುಕಟ್ಟಾಗಿ ಕತ್ತರಿಸಿಕೊಂಡ. ನಮ್ಮಜ್ಜಿಯ ಕಾಲಕ್ಕೆ ಮುನ್ನೂರು ಎಕರೆ ಇತ್ತು. ನಾನು ಹುಟ್ಟುವಾಗ ನೂರ ಎಂಬತ್ತು. ಸಾವಿರದ ಎಂಟುನೂರ ಹನ್ನೊಂದರಲ್ಲಿ ಇವನ ಮಾವನೇ ಪಾಲಕನಾಗಿದ್ದಾಗ ಓಕ್ ಮರದ ಕಾಡು ಹೋದದ್ದು. ಆ ದಿನ ಅವನು ಹಾಕಿಕೊಂಡಿದ್ದ ಕೋಟಿನ ಗುಂಡಿ ಸಹ ನನಗೆ ನೆನಪಿದೆ, ಮೇಲಿನದು ಹಿತ್ತಾಳೆ, ಉಳಿದವು ಮೂಳೆಯವು. ಈಗ ಉಳಿದಿರುವುದು ಕೊಳದ ದಂಡೆಯ ನಲವತ್ತು ಎಕರೆ, ಐದು ಮನೆ, ಅಮ್ಮ ಅಪ್ಪ ಮಲಗಿರುವ ದಿಬ್ಬ. ಚಳಿಗಾಲದಲ್ಲಿ ಕೊಳದ ಮಂಜುಗಡ್ಡೆ ಕುಯ್ದು ಮರದಹೊಟ್ಟಿನಲ್ಲಿ ಮುಚ್ಚಿ ಭೂಮಿಯ ಆಚೆ ಬದಿಯ ಮದರಾಸಿನವರೆಗೂ ಹಡಗಿನಲ್ಲಿ ಕಳಿಸುವವರು ಈಗ ಹುಟ್ಟಿಕೊಂಡಿದ್ದಾರೆ. ಅವರಿಗೆ ಗೋದಾಮು ಕಟ್ಟಲು ಆ ದಂಡೆಯೇ ಬೇಕಂತೆ. ಜನವೇ ಇಲ್ಲದ ಜಮೀನನ್ನು ಮಾರಲು ಅಪ್ಪಣೆ ಕೊಡಿ ಎಂದು ಫಿಸ್ಕ್ ಶಾಸನಸಭೆಗೆ ಅರ್ಜಿ ಬರೆದು, ಸಾಕ್ಷಿಗೆ ಲೇಥ್ರಾಪನ ಪದ್ಯವನ್ನು ಗುಂಡುಸೂಜಿಯಲ್ಲಿ ಚುಚ್ಚಿಟ್ಟ. ಪದ್ಯ ಸಾಕ್ಷಿಯಾದದ್ದನ್ನು ಎಲ್ಲಾದರೂ ಕೇಳಿದ್ದೀಯಾ? ಆದರೆ ಆ ಅರ್ಜಿಯನ್ನು ಬಾಸ್ಟನ್ನಿಗೆ ಒಯ್ಯಬೇಕಾದ ನಮ್ಮ ಪ್ರತಿನಿಧಿ ಕರ್ನಲ್ ಸ್ಪೂನರ್ ಆ ಪದ್ಯ ಓದಿ ಅತ್ತವರಲ್ಲಿ ಮೊದಲಿಗರು.

ಹೋದ ತಿಂಗಳು ಊರಿನ ನೂರನೆಯ ವರ್ಷದ ಹಬ್ಬ. ಬಂಡೆಯ ಮೇಲೆ ಕನ್ಯೆಗೆ ಅಮೃತಶಿಲೆಯ ಸ್ಮಾರಕ ನಿಲ್ಲಿಸಿದರು. ಗಾಣದವರ ದೊಡ್ಡ ಮಗಳ ಮುಖಕ್ಕೆ ವಾಲ್‌ನಟ್ ಸಿಪ್ಪೆಯ ಕಂದು ರಸ ಬಳಿದು ಓಲಮೀಟಾಳಂತೆ ನಿಲ್ಲಿಸುವುದೆಂದು ಆಯಿತು. ಅದಕ್ಕೆ ಹಳೆಯ ಬುಟ್ಟಿ ಬೇಕಲ್ಲ? ನನ್ನ ಹತ್ತಿರವೇ ಬಂದರು. ‘ಅಜ್ಜಿಯ ಬುಟ್ಟಿ ಒಂದು ದಿನಕ್ಕೆ ಕೊಡು ಜೆರುಷಾ, ಅಳಿದುಹೋದವರ ವಸ್ತು ಊರಲ್ಲಿ ಬೇರೆ ಯಾರ ಹತ್ರಾನೂ ಇಲ್ಲ’ ಎಂದು ಚರ್ಚಿನ ಹಿರಿಯರಾದ ಡೀಕನ್ನರ ಹೆಂಡತಿ ಕೇಳಿದಳು. ಯಾರ ಹತ್ತಿರ ಯಾವುದನ್ನು ಕೇಳುತ್ತಿದ್ದೇನೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ, ಪಾಪ. ಕೊಟ್ಟೆ. ಹಾಗೆಯೇ ನಲವತ್ತು ಕುಂಬಳಕಾಯಿ ಪೈ ಮಾಡಿಕೊಡುವುದಕ್ಕೂ ಒಪ್ಪಿದೆ, ನಮ್ಮ ಐದು ಮನೆಯವರೂ ಬಡಿಸಲು ಬರುತ್ತೇವೆಂಬ ಕರಾರಿನ ಮೇಲೆ.

ನಮ್ಮೂರಿನ ಹಬ್ಬದೂಟದ ಕ್ರಮ ನಿನಗೆ ಮರೆತಿರಲಾರದು. ಡೇರೆಯೊಳಗೆ ಗಂಡಸರಿಗೆ ಮೇಜು. ಊಟವಾದ ಮೇಲೆ ಲೋಟ ಎತ್ತಿ ಹದಿಮೂರು ಹೆಸರು ಕೂಗುತ್ತಾರೆ, ಸಾರಾಯಿ ಬಿಟ್ಟವರ ಊರಾದ್ದರಿಂದ ಈಗ ಲೋಟದಲ್ಲಿ ನಿಂಬೆ ಪಾನಕ. ಯಾರ ಹೆಸರು ಕೂಗಿದರೋ ಅವರು ಎದ್ದು ಕೃತಜ್ಞತೆ ಹೇಳಬೇಕು. ಸೈನ್ಯಕ್ಕೆ ಎಂದರೆ ಕರ್ನಲ್ ಏಳುತ್ತಾರೆ, ಧರ್ಮಕ್ಕೆ ಎಂದರೆ ಪಾದ್ರಿ. ಸತ್ತವರ ಹೆಸರಾದರೆ ಮಾತ್ರ ಎಲ್ಲರೂ ನಿಂತು ಸದ್ದಿಲ್ಲದೆ ಕುಡಿದು ಕೂರುತ್ತಾರೆ. ಹನ್ನೊಂದನೆಯ ಹೆಸರು ಬಂತು. ಫಿಸ್ಕನೇ ಎದ್ದು, ‘ಸಂಜೆಯ ಮಂಜಿನಂತೆ ಮರೆಯಾದ ಈ ನೆಲದ ಕೆಂಪು ಮಕ್ಕಳಿಗೆ’ ಎಂದ. ನೂರೈವತ್ತು ಗಂಡಸರು ನಿಂತರು. ಹಬ್ಬಕ್ಕೆಂದು ಕರೆಸಿದ್ದ ಲೇಥ್ರಾಪ್ ತಲೆ ತಗ್ಗಿಸಿದ. ಆ ಮೌನ ಎಷ್ಟು ಚೆನ್ನಾಗಿತ್ತೆಂದರೆ, ಎಲಿ, ನನ್ನ ಕೈಯಲ್ಲಿದ್ದ ಪೈ ತಟ್ಟೆಯನ್ನು ಮೇಜಿನ ಮೇಲಿಟ್ಟ ಸದ್ದು ಡೇರೆಗೆಲ್ಲ ಕೇಳಿಸಿತು. ನಾನು ಏಪ್ರನ್ನಿಗೆ ಕೈ ಒರೆಸಿಕೊಂಡು ಹೇಳಿದೆ: ‘ಮಹನೀಯರೇ, ಹೆಸರು ಕೂಗಿದೋರಿಗೆ ಉತ್ತರ ಕೊಡೋದು ನಿಮ್ಮ ಪದ್ಧತಿ. ಮರೆಯಾದೋರ ಪರವಾಗಿ ನಾನು ಕೃತಜ್ಞತೆ ಹೇಳ್ತೀನಿ. ನಾವು ಹನ್ನೆರಡು ಜನ ನಿಮಗೆ ಪೈ ಬಡಿಸ್ತಾ ಇದ್ದೀವಿ. ಹದಿಮೂರನೆಯವನು ನಿಮ್ಮ ಮನೆ ದೀಪಕ್ಕೆ ಎಣ್ಣೆ ತರೋಕೆ ಸಮುದ್ರಕ್ಕೆ ಹೋಗಿದಾನೆ. ನಿಮ್ಮ ಆರೋಗ್ಯವೂ ಚೆನ್ನಾಗಿರಲಿ.’

ಆಮೇಲೆ ಗಾಣದ ಮುದುಕ ಹಿಂದಿನಿಂದ, ‘ಜೆರುಷಾ, ನೀನು ಸತ್ತು ಎಷ್ಟು ವರ್ಷ ಆಯ್ತಮ್ಮ?’ ಎಂದ. ‘ನಿಮ್ಮೂರ ಭಾಷಣ ಕೇಳುವಾಗೆಲ್ಲ ಒಂದೊಂದು ಸಲ ಸಾಯ್ತಿರ್ತೀನಿ’ ಎಂದೆ. ಡೇರೆ ಬಿರಿಯುವ ಹಾಗೆ ನಕ್ಕರು. ಫಿಸ್ಕ್ ನಗಲಿಲ್ಲ. ‘ಇವರು ಶುದ್ಧ ರಕ್ತದೋರಲ್ಲ, ಬೆರಕೆ. ಆ ಮರ್ಸಿ ಕಟ್ಟಿಕೊಂಡಿರೋದು ಕರಿಯನನ್ನ’ ಎಂದು ಕೂಗಿದ. ಅದಕ್ಕೆ ನಾನು, ‘ಫಿಸ್ಕ್ ಸಾಹೇಬರೇ, ನಿಮ್ಮ ತಾಯಿ ವೇಲ್ಸಿನೋರು, ಹೆಂಡತಿ ಸ್ಕಾಟ್ಲೆಂಡಿನೋರು. ನಿಮ್ಮ ಜಮೀನು ಯಾವಾಗ ಮಾರೋದು?’ ಎಂದೆ. ಆಗ ನಕ್ಕದ್ದು ಕಡಿಮೆ ಜನ, ಆದರೆ ಕರ್ನಲ್ ಸ್ಪೂನರ್ ಕೈಯಲ್ಲಿದ್ದ ಲೋಟವನ್ನು ಕುಡಿಯದೆಯೇ ಕೆಳಗಿಟ್ಟದ್ದನ್ನು ನಾನು ನೋಡಿದೆ. ನನಗೆ ಎಲ್ಲಕ್ಕಿಂತ ಉರಿದದ್ದು ಫಿಸ್ಕನ ಮಾತಲ್ಲ. ಹೊರಗೆ ಬಂದಾಗ ಡೀಕನ್ನರ ಹೆಂಡತಿ ನನ್ನ ತೋಳು ಹಿಡಿದು, ‘ನಿನ್ನನ್ನ ಅವರಲ್ಲಿ ಸೇರಿಸಿರಲಿಲ್ಲ ಕಣೆ, ನೀನು ನಮ್ಮೋಳೇ ಅಲ್ವಾ’ ಎಂದಳಲ್ಲ, ಅದು. ಅವಳು ಪ್ರೀತಿಯಿಂದಲೇ ಹೇಳಿದಳು. ಬೈದವರಿಗೆ ಉತ್ತರ ಕೊಡಬಹುದು, ಹೀಗೆ ತಬ್ಬಿಕೊಂಡು ಅಳಿಸಿಹಾಕುವವರಿಗೆ ಏನು ಹೇಳುವುದು?

ಮರುದಿನ ಲೇಥ್ರಾಪ್ ಬಂದ, ಈ ಸಲ ಟೋಪಿ ಹಾಕಿಕೊಂಡು. ಜಗಲಿಯಲ್ಲಿ ನಾನು ಸೀಳು ನೆನೆಹಾಕುತ್ತಿದ್ದೆ. ಒಂದು ತುದಿ ಅವನ ಕೈಗೆ ಕೊಟ್ಟು ಎಳೆದು ಹಿಡಿಯಲು ಹೇಳಿದೆ. ‘ನಿನ್ನೆ ನೀವು ನಿಂತದ್ದು ಎಂಥ ಭವ್ಯ ದೃಶ್ಯ!’ ಎಂದು ಶುರು ಮಾಡಿದ. ‘ಅದನ್ನೂ ಪದ್ಯ ಮಾಡಿದರೆ ನಿನ್ನ ಬೆರಳು ಕುರ್ಚಿಗೇ ಸೇರಿಸಿ ಹೆಣೀತೀನಿ’ ಎಂದೆ. ಆಮೇಲೆ ನಿಜವಾಗಿ ಕೇಳಿದೆ: ‘ಎಲ್ಲರ ಎದೇಲೂ ಒಬ್ಬನೇ ದೇವರು ಮಾತಾಡ್ತಾನೆ ಅಂತೀರಿ ನಿಮ್ಮ ಕಡೆಯೋರು. ಓದಿ ನಾನೂ ಒಪ್ಪಿದೋಳು. ನನ್ನೆದೆ ನಿನ್ನ ಮುಂದೇ ಇತ್ತಲ್ಲಪ್ಪ, ಗಂಜಿ ಬಡಿಸ್ತಾ. ಯಾಕೆ ಕೇಳಲಿಲ್ಲ?’ ಅವನು ಸೀಳನ್ನು ಇನ್ನಷ್ಟು ಬಿಗಿಯಾಗಿ ಎಳೆದು, ‘ನೀವು ತುಂಬ ಹತ್ತಿರ ಇದ್ದಿರಿ. ನನಗೆ ದೂರದ್ದು ಮಾತ್ರ ಹಾಡಾಗುತ್ತೆ’ ಎಂದ. ಅದು ಅವನು ನನ್ನೆದುರು ಆಡಿದ ಮೊದಲನೆಯ ನಿಜ, ಆದ್ದರಿಂದ ಕಾಫಿ ಕೊಟ್ಟೆ. ಪುಸ್ತಕ ತಿದ್ದಲು ಪ್ರಕಾಶಕರು ಒಪ್ಪುವುದಿಲ್ಲವಂತೆ, ಆ ಕಣ್ಣೀರಿಗಾಗಿಯೇ ಅದು ಖರ್ಚಾಗುತ್ತಿರುವುದಂತೆ. ಪುಸ್ತಕ ಹಾಗೇ ಇರಲಿ, ಕಾಗದದಲ್ಲಿ ಬರೆದುಕೊಡು ಎಂದು ಕೈಹಿಡಿದು ಕರ್ನಲ್ ಸ್ಪೂನರರ ಮನೆಗೆ ಕರೆದುಕೊಂಡು ಹೋದೆ. ಅಲ್ಲಿ ಬೈಬಲ್ಲಿನ ಮೇಲೆ ಕೈಯಿಟ್ಟು ಅವನು ಬರೆದುಕೊಟ್ಟ ಪ್ರಮಾಣಪತ್ರ ಇಷ್ಟು: ‘ಸದರಿ ಬಂಡೆಯಿಂದ ಬಿದ್ದದ್ದು ಡಾರ್ಕಸ್ ಎಂಬ ಆಕಳು. ಕನ್ಯೆ ನನ್ನ ಕಲ್ಪನೆ. ನಾನು ಬರೆಯುವಾಗ ಆ ಜನ ಕೊಳದ ದಂಡೆಯಲ್ಲಿ ಐದು ಮನೆಗಳಲ್ಲಿ ವಾಸವಾಗಿದ್ದರು, ಅದು ನನಗೆ ಗೊತ್ತಿತ್ತು.’ ‘ಗೊತ್ತಿತ್ತು’ ಎಂಬುದನ್ನು ಬರೆಯುವಾಗ ಅವನ ಕಿವಿ ಕೆಂಪಾಯಿತು. ಬರೆದ, ಅಷ್ಟು ಸಾಕು. ಕರ್ನಲ್ ಸಾಹೇಬರು ‘ಆಕಳಿಗಾಗಿ ನಾನು ಮೂರು ಸಲ ಅತ್ತಿದೀನಿ’ ಎಂದು ಮೀಸೆ ಕಚ್ಚಿಕೊಂಡು ಮೊಹರು ಒತ್ತಿದರು.

ಆದ್ದರಿಂದ ಪದ್ಯದ ಸಾಕ್ಷಿ ಬಿತ್ತು. ನಾವು ಹನ್ನೆರಡು ಜನವೂ ಅರ್ಜಿಗೆ ಎದುರಾಗಿ ರುಜು ಹಾಕಿದ್ದೇವೆ, ಹುಟ್ಟಿದ ಕೂಸಿನ ಹೆಸರನ್ನು ಮರ್ಸಿ ಬರೆದಳು. ನಲವತ್ತು ಎಕರೆಯನ್ನು ಇವರು ನನ್ನ ಜೀವ ಇರುವವರೆಗೆ ಅಲ್ಲಾಡಿಸಲಾರರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅಮ್ಮನ ದಿಬ್ಬದ ಮೇಲಿನ ಹುಲ್ಲು ಕೊಯ್ದು ಸುತ್ತಲೂ ಕಲ್ಲು ಜೋಡಿಸಿದ್ದೇನೆ. ಮರ್ಸಿ, ಕೇಟೋ, ಮಕ್ಕಳು ಎಲ್ಲರೂ ನಿನ್ನನ್ನು ಕೇಳಿದ್ದಾರೆ. ಗಾಳಿ ನಿನ್ನ ಬೆನ್ನಿಗಿರಲಿ, ಹಡಗಿನ ಹಲಗೆ ಗಟ್ಟಿಯಾಗಿರಲಿ, ದೊಡ್ಡ ಮೀನುಗಳು ನಿನ್ನ ದೋಣಿಯನ್ನು ಬಿಟ್ಟು ಬೇರೆ ಕಡೆ ಬಾಲ ಬಡಿಯಲಿ.

ನಿನ್ನ ಅಕ್ಕ,
ಜೆರುಷಾ ಅಮೋಸ್

ಮರೆತ ಮಾತು, ಸೋಮವಾರ ಬೆಳಿಗ್ಗೆ: ಟಪಾಲು ಬಂಡಿಯ ಕುದುರೆಗೆ ಕೇಟೋ ಲಾಳ ಹೊಡೆಯುತ್ತಿದ್ದಾನೆ, ಎರಡು ಲಾಳ ಮುಗಿಯುವಷ್ಟರಲ್ಲಿ ಬರೆಯಬೇಕು. ಮೇಲೆ ಬರೆಯಲು ಮನಸ್ಸು ಬರಲಿಲ್ಲ. ಪದ್ಯ ಬಿದ್ದ ಮೇಲೆ ಫಿಸ್ಕ್ ತನ್ನ ದಾಖಲೆ ಪುಸ್ತಕ ತೆಗೆದಿದ್ದಾನೆ. ಅದರಲ್ಲಿ ‘ಎಲಿಫಲೆಟ್ ಅಮೋಸ್, ಸಮುದ್ರದಲ್ಲಿ ಮುಳುಗಿ ಮೃತ, ೧೮೪೪’ ಎಂದು ಬರೆದಿದೆ. ಆ ಇಸವಿಯ ಡಿಸೆಂಬರಿನ ನಿನ್ನ ಪತ್ರ ತೋರಿಸಿದರೆ, ಅಕ್ಷರ ಯಾರದಾದರೂ ಆಗಬಹುದು ಎನ್ನುತ್ತಾನೆ. ಮರ್ಸಿಯ ಮಕ್ಕಳನ್ನು ತಂದೆಯ ಕಡೆಯವರು, ನಮ್ಮವರಲ್ಲ ಎಂದು ಬರೆದಿದ್ದಾನೆ, ನನ್ನನ್ನು ಹೆಂಗಸು ಎಂದು ಬರೆದಿದ್ದಾನೆ. ವಯಸ್ಸಿಗೆ ಬಂದ ಗಂಡು ವಾರಸುದಾರನೊಬ್ಬನಿದ್ದರೆ ಅವನ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ, ನಮ್ಮ ಐದು ಮನೆಯಲ್ಲಿ ಅಂಥವನು ನೀನೊಬ್ಬನೇ. ಕರ್ನಲ್ ಸಾಹೇಬರು ವಿಚಾರಣೆಯನ್ನು ಬರುವ ಜನವರಿಯಿಂದ ಅದರಾಚೆಯ ಜನವರಿಗೆ, ೧೮೪೮ರ ಹದಿನಾಲ್ಕಕ್ಕೆ, ಹಾಕಿಸಿದ್ದಾರೆ. ನೀನು ಬದುಕಿದ್ದೀಯೆ, ಮಾರಲು ಒಪ್ಪುವುದಿಲ್ಲ ಎಂದು ಬರೆದು ಇದರೊಳಗೆ ಮಡಿಸಿಟ್ಟಿರುವ ಹಾಳೆಗೆ ಬಂದರಿನಲ್ಲಿರುವ ನಮ್ಮ ದೇಶದ ಕಾನ್ಸಲ್ ಅಧಿಕಾರಿಯ ಮುಂದೆ, ಹಡಗಿನವರಲ್ಲದ ಇಬ್ಬರು ಸಾಕ್ಷಿಗಳನ್ನು ನಿಲ್ಲಿಸಿ ರುಜು ಮಾಡು. ಗೀಟು ಹಾಕಬೇಡ, ಹೆಸರು ಪೂರ್ತಿ ಬರೆ. ಜ್ವರವಿದ್ದರೂ ಬರೆ. ಇದೇ ಪತ್ರವನ್ನು ಮೂರು ಸಲ ಬರೆದು ಮೂರು ಹಡಗಿಗೆ ಕೊಡುತ್ತಿದ್ದೇನೆ, ಒಂದು ಪೈಟಾಕ್ಕೆ, ಒಂದು ಚಿಲಿಯ ಟಾಲ್ಕವಾನೋಗೆ, ಒಂದು ಸ್ಯಾಂಡ್‌ವಿಚ್ ದ್ವೀಪದ ಲಹೈನಾಕ್ಕೆ, ಮೂರರಲ್ಲೂ ಹಾಳೆಯಿದೆ. ಯಾವುದು ಮೊದಲು ಸಿಕ್ಕಿದರೂ ರುಜು ಮಾಡಿ ಕಳಿಸು. ಎರಡನೆಯದು ಸಿಕ್ಕಿದರೆ, ಆಗಲೇ ಕಳಿಸಿದ್ದೇನಲ್ಲ ಎಂದು ಬಿಸಾಡಬೇಡ, ಅದನ್ನೂ ಕಳಿಸು. ಮೂರನೆಯದನ್ನೂ ಕಳಿಸು. ಫಿಸ್ಕನಿಗೆ ಒಂದು ಸಾಕು. ಉಳಿದೆರಡು ನನಗೆ ಬೇಕು.